ಅರಿವು ಕೇಂದ್ರಕ್ಕೆ ಕಂಪ್ಯೂಟರ್ ಬಂದಿದೆ, ಬೇಕಾದವರೇ ಮುಟ್ಟುತ್ತಿಲ್ಲ. ಏನು ಮಾಡಲಿ?

ದೋಆಬದವಳು:

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಊರಲ್ಲಿ ಈಗಲೂ ಲೈಬ್ರರಿ ಅಂತಲೇ ಕರೆಯುತ್ತಾರೆ. ಹೋದ ವರ್ಷ ನಮಗೆ ಎರಡು ಕಂಪ್ಯೂಟರ್ ಬಂದವು, ಇಂಟರ್ನೆಟ್ಟೂ ಬಂತು. ಒಂದು ವಿಷಯ ದಿನಾ ಕಾಡುತ್ತಿದೆ, ನಿಮ್ಮ ಅನುಭವ ಬೇಕು.

ಕಂಪ್ಯೂಟರ್ ಮುಂದೆ ಕೂರುವವರು ಯಾವಾಗಲೂ ಅದೇ ಏಳೆಂಟು ಹುಡುಗರು. ಪಿಯುಸಿ, ಡಿಗ್ರಿ ಓದುವವರು, ಊರಿನ ದೊಡ್ಡ ಮನೆಗಳವರು, ಕೈಯಲ್ಲಿ ಆಗಲೇ ಒಳ್ಳೆಯ ಫೋನ್ ಇರುವವರು. ಗಲಾಟೆ ಏನೂ ಮಾಡುವುದಿಲ್ಲ, ಒಳ್ಳೆಯ ಹುಡುಗರೇ. ಕೇರಿಯ ಮಕ್ಕಳೂ ಬರುತ್ತಾರೆ. 2020ರಲ್ಲಿ ಮಕ್ಕಳನ್ನು ಲೈಬ್ರರಿಗೆ ಕರೆತರುವ 'ಓದುವ ಬೆಳಕು' ಅಭಿಯಾನ ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ, ಹಾಗಾಗಿ ಕಾರ್ಡ್ ಎಲ್ಲರ ಹತ್ತಿರವೂ ಇದೆ. ಆದರೆ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಕಥೆ ಪುಸ್ತಕ ನೋಡಿ ಹೋಗುತ್ತಾರೆ, ಒಳಗಿನ ಮೇಜಿನ ಕಡೆ ಬರುವುದಿಲ್ಲ. ಬರಬೇಡಿ ಅಂತ ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬಳನ್ನು ಕರೆದು ಯಾಕಮ್ಮ ಒಳಗೆ ಬರಲ್ಲ ಅಂತ ಕೇಳಿದೆ. "ಅಲ್ಲಿ ಅವ್ರು ಕುಂತಿರ್ತಾರಲ್ರೀ" ಅಂದಳು. ಅಷ್ಟೇ.

ಹೆಣ್ಣುಮಕ್ಕಳದ್ದು ಇನ್ನೊಂದು ಕಥೆ. ಯಾವ ಜಾತಿಯವರೇ ಆಗಲಿ, ಶಾಲೆ ಬಿಟ್ಟ ಕೂಡಲೇ ನೀರು, ಒಲೆ, ತಮ್ಮ ತಂಗಿ ಅಂತ ಮನೆಗೆ ಓಡುತ್ತಾರೆ. ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ, ಹೊರಗೆ ಕಳಿಸುವುದಿಲ್ಲ. ಕೇಂದ್ರ ಇರುವುದು ಗುಡಿ ಕಟ್ಟೆಯ ಎದುರಿಗೆ, ಕಟ್ಟೆಯ ಮೇಲೆ ಹೊತ್ತಲ್ಲದ ಹೊತ್ತಲ್ಲೂ ಗಂಡಸರು ಕೂತಿರುತ್ತಾರೆ.

ಸಂಕಟ ಏನೆಂದರೆ, ಕಂಪ್ಯೂಟರ್ ಜಾಸ್ತಿ ಬೇಕಾಗಿರುವುದು ಇವರಿಗೇ. ಸ್ಕಾಲರ್‌ಶಿಪ್ ಅರ್ಜಿಯನ್ನು ಎಸ್‌ಎಸ್‌ಪಿ ಅನ್ನುವ ರಾಜ್ಯ ಸರ್ಕಾರದ ವೆಬ್‌ಸೈಟಿನಲ್ಲಿ ಆನ್‌ಲೈನ್‌ನಲ್ಲೇ ಹಾಕಬೇಕು. ಜಾತಿ, ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿರಬೇಕು, ಓಟಿಪಿ ಬರುವ ಫೋನ್ ಕೈಲಿರಬೇಕು. ಇದನ್ನೆಲ್ಲ ಮಾಡಿಸಲು ಅವರು ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ತಾಲ್ಲೂಕಿನ ಸೈಬರ್ ಅಂಗಡಿಗೆ ಹೋಗುತ್ತಾರೆ. ಊರಲ್ಲೇ ಉಚಿತವಾಗಿ ಇರುವ ಕಂಪ್ಯೂಟರಿನಲ್ಲಿ ಬೇರೆಯವರು ಕ್ರಿಕೆಟ್ ನೋಡುತ್ತಿರುತ್ತಾರೆ.

ಕೇರಿ ಮಕ್ಕಳಿಗೆ ಅಂತ ಒಂದು ಟೈಮ್ ಇಡೋಣ ಅಂದುಕೊಂಡೆ. ಆದರೆ ಭಯ. ಹಾಗೆ ಮಾಡಿದರೆ ಬೇರೆ ಲೋಟ ಇಟ್ಟ ಹಾಗೇ ಆಗುತ್ತದಲ್ವಾ? ಸುಮ್ನೆ ಬಿಟ್ಟರೆ ಈಗಿನಂತೆಯೇ ನಡೆಯುತ್ತದೆ. ನೀವು ಏನು ಮಾಡಿದ್ದೀರಿ, ಹೇಳಿ.

---

ಬನಶಂಕರಿ ಬಸ್‌ಸ್ಟಾಪ್:

ಮೇಡಂ, ನಿಮ್ಮ ಕಾಳಜಿ ದೊಡ್ಡದು. ಆದರೆ ನನಗೊಂದು ಪ್ರಾಮಾಣಿಕ ಅನುಮಾನ. ಈಗ ಫೋನ್ ಇಲ್ಲದವರು ಯಾರಿದ್ದಾರೆ? 2025ರ ಶುರುವಿನಲ್ಲಿ ಕೇಂದ್ರ ಸರ್ಕಾರ ಮಾಡಿದ ಸರ್ವೆಯಲ್ಲಿ ದೇಶದ ಶೇ 85.5ರಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ ಅಂತ ಬಂದಿದೆ. ಪಾಠ ಯೂಟ್ಯೂಬಿನಲ್ಲಿದೆ, ಅರ್ಜಿಯನ್ನೂ ಫೋನಿನಲ್ಲೇ ಹಾಕಬಹುದು. ಆ ಎರಡು ಕಂಪ್ಯೂಟರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಜಗಳಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳೋಣ ಅಂತ.

---

ಮಲೆನಾಡ ಮೇಷ್ಟ್ರು:

ಸರ್, ಆ ಅಂಕಿ ಸರಿಯಾಗಿಯೇ ಇದೆ. ಆದರೆ ಅದು ಮನೆಯ ಲೆಕ್ಕ. ಮನೆಯಲ್ಲಿ ಒಂದು ಫೋನ್ ಇದೆ ಅಂದರೆ ಅದು ಅಪ್ಪನ ಅಂಗಿ ಜೇಬಿನಲ್ಲಿದೆ ಅಂತ ಅರ್ಥ. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ರಾತ್ರಿ ಬಂದ ಮೇಲೆ ಮೊದಲು ಅಣ್ಣನ ಕೈಗೆ, ಆಮೇಲೆ ತಂಗಿಗೆ, ಅಷ್ಟರಲ್ಲಿ ಡೇಟಾ ಮುಗಿದಿರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಯನ್ನಲ್ಲ, ಒಬ್ಬೊಬ್ಬರನ್ನೇ ಕೇಳಿತ್ತು. ಜೀವನದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಅಂದ ಗಂಡಸರು ದೇಶದಲ್ಲಿ ಶೇ 57, ಹೆಂಗಸರು ಶೇ 33. ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ಒಪ್ಪುತ್ತೇನೆ. ಆದರೆ ಮನೆಯೊಳಗಿನ ಸರದಿ ಬದಲಾಗಿದೆ ಅಂತ ನನಗೆ ನನ್ನ ಶಾಲೆಯಲ್ಲಿ ಕಾಣುತ್ತಿಲ್ಲ.

ಕೊರೊನಾ ಸಮಯ ನೆನಪಿಸಿಕೊಳ್ಳಿ. ಶಾಲೆ ಮುಚ್ಚಿದ್ದಾಗ ಮಕ್ಕಳಿಗೆ ಪಾಠ ಮುಟ್ಟಿಸಲು ಸರ್ಕಾರ ತಂದ 2020ರ ವಿದ್ಯಾಗಮದಲ್ಲಿ ನಾವು ಮಕ್ಕಳನ್ನು ಮೂರು ಗುಂಪು ಮಾಡಬೇಕಿತ್ತು: ಫೋನೇ ಇಲ್ಲದವರು, ಬರೀ ಮಾತಾಡುವ ಫೋನ್ ಇರುವವರು, ಇಂಟರ್ನೆಟ್ ಇರುವ ಫೋನಿನವರು. ಆ ಪಟ್ಟಿ ಬರೆಯುತ್ತಾ ಹೋದಾಗ ನನ್ನ ಊರಿನ ಜಮೀನು ಯಾರದ್ದು, ಕೂಲಿ ಯಾರದ್ದು ಅನ್ನುವುದೇ ಕಾಗದದ ಮೇಲೆ ಬಂದ ಹಾಗಿತ್ತು. ನಮ್ಮ ಹೊಸನಗರ ಕಡೆ ನೆಟ್‌ವರ್ಕೇ ಇರಲಿಲ್ಲ, ಅದು ಎಲ್ಲರಿಗೂ ಒಂದೇ ಕಷ್ಟ ಅಂತ ಹೊರಗಿನವರು ಅಂದುಕೊಂಡರು. ಒಂದೇ ಅಲ್ಲ. ತೋಟದ ಮನೆಯವರು ದುಡ್ಡು ಹಾಕಿ ಮನೆಗೆ ಕೇಬಲ್ ಎಳೆಸಿಕೊಂಡರು. ಉಳಿದ ಹುಡುಗರು ಗುಡ್ಡ ಹತ್ತಿದರು. ಉಳಿದ ಹುಡುಗಿಯರನ್ನು ಗುಡ್ಡಕ್ಕೆ ಯಾರು ಕಳಿಸುತ್ತಾರೆ? 2021ರಲ್ಲಿ ಸುಳ್ಯ ಕಡೆಯ ಒಂದು ಫೋಟೋ ಎಲ್ಲ ಕಡೆ ಹರಿದಾಡಿತ್ತಲ್ಲ, ಮಳೆಯಲ್ಲಿ ರಸ್ತೆ ಬದಿ ಮಗಳು ಕ್ಲಾಸ್ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಜೊತೆಗೆ ಬಂದು ನಿಲ್ಲಲು ಅಪ್ಪನಿಗೆ ಬಿಡುವು ಇದ್ದ ಮನೆಯ ಹುಡುಗಿಗೆ ಕ್ಲಾಸ್ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ಅದೇ ವರ್ಷ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಜನ ಎದ್ದು ನಿಂತದ್ದು ಸುಮ್ನೆ ಅಲ್ಲ.

ಫೋನ್ ಸಾಕು ಅನ್ನುವುದಕ್ಕೂ ಒಂದು ಮಾತು. ನೋಡುವುದಕ್ಕೆ ಫೋನ್ ಸಾಕು. ಟೈಪ್ ಮಾಡಲು, ಫೈಲ್ ಸೇವ್ ಮಾಡಲು, ಪಟ್ಟಿ ಹಾಕಿ ಲೆಕ್ಕ ಮಾಡಲು ಸಾಲದು. ರಾಜ್ಯ ಸರ್ಕಾರದ ನೌಕರರಿಗೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಮನೆಯಲ್ಲಿ ಕಂಪ್ಯೂಟರ್ ನೋಡಿಯೇ ಇಲ್ಲದ ಮಗು ಮೌಸ್ ಹಿಡಿಯುವುದನ್ನು ಯಾವಾಗ ಕಲಿಯಬೇಕು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ (ಎನ್‌ಎಸ್‌ಎಸ್) ಪ್ರಕಾರ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ 4.4, ಪಟ್ಟಣಗಳಲ್ಲಿ ಶೇ 23.4.

ಈಗ ನಿಮ್ಮ ಪ್ರಶ್ನೆಗೆ ಮೇಡಂ. ಕೇರಿಗೆ ಬೇರೆ ಟೈಮ್ ಖಂಡಿತ ಬೇಡ, ನಿಮ್ಮ ಭಯ ಸರಿ. ಆದರೆ "ಎಲ್ಲರಿಗೂ ಬಾಗಿಲು ತೆರೆದಿದೆ" ಅಂತ ಬಿಡುವುದೂ ಬೇಡ, ಅದು ಮೊದಲು ಬಂದವನ ಪಾಲಾಗುತ್ತದೆ. ಹೈಸ್ಕೂಲಿನ ಹಾಜರಿ ಪುಸ್ತಕ ಹಿಡಿಯಿರಿ. ಕ್ರಮ ಸಂಖ್ಯೆ ಪ್ರಕಾರ ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿ, ಹುಡುಗ ಹುಡುಗಿ, ಈ ಓಣಿ ಆ ಕೇರಿ ಎಲ್ಲ ತಾವಾಗಿಯೇ ಬೆರೆಯುತ್ತವೆ. ಶಾಲೆಯ ಸಮಯದಲ್ಲೇ, ಹೆಡ್‌ಮಾಸ್ಟರ್ ಒಪ್ಪಿಗೆ ತೆಗೆದುಕೊಂಡು, ಒಬ್ಬ ಮೇಷ್ಟ್ರ ಜೊತೆ ಕರೆಸಿ. ಸಂಜೆ ಕಳಿಸುವ ಪ್ರಶ್ನೆಯೇ ಬರುವುದಿಲ್ಲ. ಪ್ರತಿ ಮಗುವಿನ ಕೈ ಕೀಬೋರ್ಡ್ ಮೇಲೆ ಬರಬೇಕು, ಒಬ್ಬ ಒತ್ತಿ ಮೂವರು ನೋಡುವುದು ನಡೆಯಬಾರದು. ಇದನ್ನು ನೀವು ಪಕ್ಕದಲ್ಲೇ ನಿಂತು ನೋಡಬೇಕಾಗುತ್ತದೆ. ದೊಡ್ಡ ಹುಡುಗರಿಗೆ ಸಂಜೆಯ ಹೊತ್ತು ಇರಲಿ, ಹೆಸರು ಬರೆಸಿ ಅರ್ಧ ಗಂಟೆ.

---

ಕಾಯಕ ಬಂಧು, ಕುಷ್ಟಗಿ ಕಡೆ:

ಅಕ್ಕಾ, ಮೇಷ್ಟ್ರು ಮಕ್ಕಳ ದಾರಿ ಹೇಳಿದರು. ನಾನು ತಾಯಂದಿರ ದಾರಿ ಹೇಳುತ್ತೇನೆ.

ನಾನು ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮೇಟಿ, ಆಗಿದ್ದವಳು. 2023ರ ಜನವರಿಯಿಂದ ಹಾಜರಿ ಎಲ್ಲ ಆ್ಯಪಿನಲ್ಲಿ, ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ಹಾಕಬೇಕಿತ್ತು. ಅಂದರೆ ಸ್ಮಾರ್ಟ್‌ಫೋನ್ ಇದ್ದವರೇ ಕಾಯಕ ಬಂಧು. ನನಗೆ ಫೋನ್ ಇತ್ತು, ಆದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳು ನನಗಿಂತ ಚುರುಕು, ಅಳತೆ ಲೆಕ್ಕ ಬಾಯಲ್ಲೇ ಹೇಳುತ್ತಿದ್ದಳು, ಜಗಳ ಬಿಡಿಸುತ್ತಿದ್ದಳು, ಹೆಂಗಸರೆಲ್ಲ ಅವಳ ಮಾತು ಕೇಳುತ್ತಿದ್ದರು. ಅವಳಿಗೆ ಫೋನ್ ಇರಲಿಲ್ಲ. ಆ ಕೆಲಸ ಅವಳ ಹತ್ತಿರ ಸುಳಿಯಲೇ ಇಲ್ಲ. ಫೋನ್ ಇಲ್ಲದಿದ್ದರೆ ವಿಡಿಯೊ ಮಾತ್ರ ತಪ್ಪುತ್ತದೆ ಅಂತ ತಿಳಿಯಬೇಡಿ ಅಣ್ಣಾವರೇ, ಊರಲ್ಲಿ ಮುಂದೆ ನಿಲ್ಲುವ ಜಾಗವೇ ತಪ್ಪುತ್ತದೆ.

ಗೃಹಲಕ್ಷ್ಮಿ ಅರ್ಜಿ ಹಾಕುವಾಗಲೂ ನೋಡಿದೆ. ದುಡ್ಡು ಮನೆ ಯಜಮಾನಿಯ ಹೆಸರಿಗೆ, ಎರಡು ಸಾವಿರ. ಆದರೆ ಆಧಾರಿಗೆ ಕೊಟ್ಟಿರುವ ನಂಬರ್ ಗಂಡನದ್ದು, ಇಲ್ಲ ಮಗನದ್ದು, ಇಲ್ಲ ಎಂದೋ ಬಿಸಾಡಿದ ಸಿಮ್ಮಿನದ್ದು. ದುಡ್ಡು ಬಂತೋ ಇಲ್ಲವೋ ಅಂತ ಅವಳಿಗೆ ಮೆಸೇಜೇ ಬರುವುದಿಲ್ಲ. ಹಾಗಾಗಿ ನೀವು ಮೊದಲು ಸ್ವಸಹಾಯ ಸಂಘದ ವಾರದ ಮೀಟಿಂಗನ್ನು ನಿಮ್ಮ ಕೇಂದ್ರದಲ್ಲಿ ಮಾಡಲು ಕರೆಯಿರಿ. ಕೇರಿಯ ಸಂಘವನ್ನೂ ಕರೆಯಿರಿ, ಓಣಿಯ ಸಂಘವನ್ನೂ ಕರೆಯಿರಿ. ಮೀಟಿಂಗ್ ಮುಗಿದ ಮೇಲೆ ಜಾಬ್ ಕಾರ್ಡಿಗೆ ಎಷ್ಟು ದಿನದ ಕೂಲಿ ಬಿದ್ದಿದೆ ಅಂತ ಅವರಿಗೇ ಕಂಪ್ಯೂಟರಿನಲ್ಲಿ ತೆಗೆದು ತೋರಿಸಿ. ತನ್ನ ಹೆಸರು ತೆರೆಯ ಮೇಲೆ ಕಂಡವಳು ಮಗಳನ್ನು ಕಳಿಸುತ್ತಾಳೆ. ಅವಳು ಜೊತೆಗೆ ಇದ್ದರೆ ಕಟ್ಟೆಯ ಮೇಲಿನ ಗಂಡಸರ ಮುಂದೆ ಮಗಳೂ ನಡೆದು ಬರುತ್ತಾಳೆ.

ಇನ್ನೊಂದು ಅಕ್ಕಾ, ಓಟಿಪಿಯನ್ನು ಯಾರಿಗೂ ಹೇಳಬಾರದು ಅಂತ ಮೊದಲ ದಿನವೇ ಕಲಿಸಿ. ಓದು ಬಾರದವರು ಫೋನನ್ನೇ ಇನ್ನೊಬ್ಬರ ಕೈಗೆ ಕೊಟ್ಟು "ನೋಡಪ್ಪ" ಅನ್ನುತ್ತಾರೆ.

---

ಕಿವಿಯಿಂದ ಓದುವವನು:

ನಾನು ದೃಷ್ಟಿ ಇಲ್ಲದವನು, ಮೈಸೂರು. ಇಷ್ಟು ಹೊತ್ತು ಜಾತಿ, ಹೆಣ್ಣು ಗಂಡು, ಹಳ್ಳಿ ಪೇಟೆ ಎಲ್ಲ ಬಂತು. ನಿಮ್ಮ ಪಂಚಾಯಿತಿಯಲ್ಲಿ ಕಣ್ಣು ಕಾಣದವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅವರು ಬಾಗಿಲ ಬೆಂಚಿನವರೆಗೂ ಬಂದಿರುವುದಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರ ಹತ್ತಿರ ಪಟ್ಟಿ ಇರುತ್ತದೆ, ಕೇಳಿ.

ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿ. ಪೂರ್ತಿ ಉಚಿತ, ತೆರೆಯಲ್ಲಿ ಇರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅದರ ಜೊತೆಗೇ ಬರುವ ಇ-ಸ್ಪೀಕ್ ದನಿ ಸ್ವಲ್ಪ ಒರಟು, ಕೇಳಿ ಕೇಳಿ ಅಭ್ಯಾಸವಾಗುತ್ತದೆ. ಜೊತೆಗೆ ಒಂದು ಹೆಡ್‌ಫೋನ್ ಇಟ್ಟರೆ ಸಾಕು. ನಾನು ಹೀಗೆಯೇ ಈ ಚರ್ಚೆ ಓದುತ್ತಿದ್ದೇನೆ, ಬರೆಯುತ್ತಿದ್ದೇನೆ.

ಮೇಡಂ, ನೀವು ನೋಟಿಸ್ ಬರೆಯುವಾಗ ದಯವಿಟ್ಟು ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಕಣ್ಣಿಗೆ ಕನ್ನಡ, ನನ್ನ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಆದೇಶವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಅದೂ ಬರೀ ಚಿತ್ರ, ಎನ್‌ವಿಡಿಎ ಸುಮ್ಮನಾಗಿಬಿಡುತ್ತದೆ. ಇದು ಕೃಪೆಯ ವಿಷಯ ಅಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಆಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು ಹಾಕಿದ್ದ ಕೇಸು ಅದು. ಗುರುತು ದಾಖಲೆಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನುತ್ತಾರೆ, ರೆಪ್ಪೆಯೇ ಸುಟ್ಟುಹೋದವರು ಏನು ಮಾಡಬೇಕು?

---

ಬನಶಂಕರಿ ಬಸ್‌ಸ್ಟಾಪ್:

ಎಲ್ಲರ ಉತ್ತರ ಓದಿದೆ. ಮನೆಯ ಲೆಕ್ಕಕ್ಕೂ ಮನುಷ್ಯರ ಲೆಕ್ಕಕ್ಕೂ ಇರುವ ವ್ಯತ್ಯಾಸ ಮನಸ್ಸಿಗೆ ನಾಟಿತು. ಮೇಡಂ, ಹೆಡ್‌ಫೋನ್, ಕೀಬೋರ್ಡ್ ಏನಾದರೂ ಬೇಕಿದ್ದರೆ ಹೇಳಿ, ನಾನು ಕೊಡುತ್ತೇನೆ.

---

ಪಂಚಾಯಿತಿ ಮೆಂಬರ್, ಹಾವೇರಿ:

ಕೊಡುವವರು ಕೊಡಲಿ, ಸಂತೋಷ. ಆದರೆ ದಾನಿಗಳನ್ನೇ ಕಾಯುತ್ತಾ ಕೂರಬೇಡಿ ತಂಗಿ. ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರ ವಸೂಲಿ ಆಗುತ್ತದೆ, ಈ ಕರ 1965ರ ಗ್ರಂಥಾಲಯ ಕಾಯ್ದೆಯಲ್ಲಿ ಇದೆ. ಅದು ನಿಮ್ಮ ಊರವರು ಕಟ್ಟಿದ ದುಡ್ಡು, ಕೇರಿಯವರೂ ಕಟ್ಟಿದ್ದಾರೆ. ಎಷ್ಟು ಬಂತು, ಎಲ್ಲಿಗೆ ಹೋಯಿತು ಅಂತ ಪಿಡಿಒ ಅವರನ್ನು ಬರವಣಿಗೆಯಲ್ಲಿ ಕೇಳಿ. ವಿಕಲಚೇತನರಿಗೆ ಅಂತ ಪಂಚಾಯಿತಿ ಶೇ 5 ತೆಗೆದಿಡಬೇಕು, ಪರಿಶಿಷ್ಟರಿಗೂ ಬೇರೆ ಪಾಲು ಇದೆ. ಹೆಡ್‌ಫೋನ್ ಎಷ್ಟರದ್ದು, ಅದರಲ್ಲೇ ಆಗುತ್ತದೆ.

ಇನ್ನೊಂದು ಕೆಲಸ ಮಾಡಿ. ಮಕ್ಕಳ ಗ್ರಾಮ ಸಭೆ ನಡೆಯುತ್ತದಲ್ಲ, ಅಲ್ಲಿ ಆ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತು "ನಮಗೂ ಕಂಪ್ಯೂಟರ್ ಸಮಯ ಬೇಕು" ಅಂತ ಕೇಳಲಿ. ನಡಾವಳಿ ಪುಸ್ತಕದಲ್ಲಿ ಬರೆಸಿ. ನೀವು ಒಬ್ಬರೇ ಹೇಳಿದರೆ "ಲೈಬ್ರರಿ ಮೇಡಂ ಹೊಸ ರೂಲ್ ತಂದರು" ಅಂತ ದೊಡ್ಡ ಮನೆಯವರು ನಿಮ್ಮ ಮೇಲೆ ಬೀಳುತ್ತಾರೆ. ಸಭೆಯ ತೀರ್ಮಾನವಾದರೆ ಉತ್ತರ ಕೊಡಬೇಕಾದವರು ನಾವು, ಮೆಂಬರುಗಳು.

---

ದೋಆಬದವಳು:

ಇಷ್ಟು ಜನ ಇಷ್ಟು ಬಿಡಿಸಿ ಬರೆದಿದ್ದೀರಿ, ನಿಜಕ್ಕೂ ಧೈರ್ಯ ಬಂತು. ಹಾಜರಿ ಪುಸ್ತಕದ ತಂಡ ನನಗೆ ತುಂಬಾ ಇಷ್ಟವಾಯಿತು, ಅದರಲ್ಲಿ ಯಾರ ಹೆಸರನ್ನೂ ಬೇರೆ ಮಾಡಿ ಕರೆಯಬೇಕಿಲ್ಲ. ಹೆಡ್‌ಮಾಸ್ಟರ್ ಜೊತೆ ಮಾತಾಡಿದೆ, ಒಪ್ಪಿದ್ದಾರೆ. ಸಂಘದವರನ್ನು ಕರೆಯುವುದು ಸ್ವಲ್ಪ ಕಷ್ಟ. ಎರಡು ಸಂಘ ಒಂದೇ ಕೋಣೆಯಲ್ಲಿ ಕೂರುವುದು ನಮ್ಮೂರಲ್ಲಿ ಇದುವರೆಗೆ ಆಗಿಲ್ಲ. ಆದರೂ ಕರೆಯುತ್ತೇನೆ, ಒಂದೇ ದಿನ, ಒಂದೇ ಚಾಪೆ. ಬರದವರು ಬರದೇ ಇರಲಿ, ಕೇರಿಯವರನ್ನು ಮಾತ್ರ ಬೇರೆ ದಿನಕ್ಕೆ ಹಾಕುವುದಿಲ್ಲ. ಎನ್‌ವಿಡಿಎ ಡೌನ್‌ಲೋಡ್ ಮಾಡಿದೆ ಸರ್, ಕಾರ್ಯಕರ್ತರು ಇಬ್ಬರ ಹೆಸರು ಕೊಟ್ಟಿದ್ದಾರೆ.

ಇನ್ನೊಂದು ತೊಂದರೆ ಉಳಿದಿದೆ. ಶಾಲೆಯ ಹೊತ್ತಿನಲ್ಲೇ ನಮ್ಮಲ್ಲಿ ಇಂಟರ್ನೆಟ್ ಪದೇ ಪದೇ ಹೋಗುತ್ತದೆ. ಮಕ್ಕಳು ಬಂದು ಕೂತಾಗ ಹೋದರೆ ಆ ತಂಡದ ಸರದಿ ಹೋದಂತೆ. ಇದಕ್ಕೇನಾದರೂ ದಾರಿ ಇದೆಯಾ?

---

ಮಲೆನಾಡ ಮೇಷ್ಟ್ರು:

ಇದೆ. ನಮ್ಮದು ಹೇಗೂ ನೆಟ್ ಇಲ್ಲದ ಊರು, ಹಾಗಾಗಿ ಇದನ್ನೇ ಮಾಡುತ್ತೇವೆ. ಕಿವಿಕ್ಸ್ ಅಂತ ಒಂದು ಉಚಿತ ತಂತ್ರಾಂಶ ಇದೆ, ಅದರಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಕಂಪ್ಯೂಟರಿನೊಳಗೇ ಇಟ್ಟುಕೊಳ್ಳಬಹುದು, ನೆಟ್ ಬೇಡ. ಟೈಪಿಂಗ್ ಕಲಿಯಲು, ಚಿತ್ರ ಬರೆಯಲು, ಲೆಕ್ಕದ ಹಾಳೆಗೆ ಯಾವುದಕ್ಕೂ ನೆಟ್ ಬೇಕಿಲ್ಲ. ಮೊದಲ ಕೆಲವು ವಾರ ಇದನ್ನೇ ಕಲಿಸಿ, ಸ್ಕಾಲರ್‌ಶಿಪ್ ಅರ್ಜಿಯನ್ನು ಮಾತ್ರ ನೆಟ್ ಬರುವ ಬೆಳಗಿನ ಹೊತ್ತಿಗೆ ಇಡಿ. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಪೋಸ್ಟಿನಲ್ಲಿ ಕಳಿಸುತ್ತೇನೆ, ವಿಳಾಸವನ್ನು ಇಲ್ಲಿ ಬರೆಯಬೇಡಿ, ನನಗೆ ಮೆಸೇಜ್ ಮಾಡಿ.