ಸಹಾಯ ಬೇಕು: ಡಿಶ್‌ವಾಶರ್ ತಳದಲ್ಲಿ ನೀರು ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು 5 ವರ್ಷ ಹಳೆಯ ಡಿಶ್‌ವಾಶರ್. ಒಂದು ವಾರದಿಂದ ಪಾತ್ರೆ ತೊಳೆದು ಮುಗಿದ ಮೇಲೂ ತಳದಲ್ಲಿ ಎರಡು ಲೋಟದಷ್ಟು ಕೊಳಕು ನೀರು ಉಳಿಯುತ್ತಿದೆ.

ಫಿಲ್ಟರ್ ಬಿಚ್ಚಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿದೆ. ಸಾಸಿವೆ, ಕರಿಬೇವಿನ ಕಡ್ಡಿ, ಒಂದು ನಿಂಬೆ ಬೀಜ ಸಿಕ್ಕಿತು. ಒಗ್ಗರಣೆ ಅಲ್ಲೇ ಹಾಕ್ತಿದ್ದೀರಾ ಅಂತ ಮಗಳು ನಕ್ಕಳು! ಡ್ರೈನ್ ಪೈಪ್ ಎಲ್ಲೂ ಮಡಚಿಕೊಂಡಿಲ್ಲ. ಆದರೆ ನೀರು ಹೊರಹಾಕುವಾಗ ಪಂಪ್ ‘ಗೊರ್’ ಅನ್ನುತ್ತದೆ, ಪೈಪಿನ ತುದಿಯಲ್ಲಿ ನೀರು ಸಣ್ಣಗೆ ಬರುತ್ತದೆ.

ಸರ್ವಿಸ್‌ನವರು ಬಂದು ನೋಡದೆ ಫೋನಿನಲ್ಲೇ ಪಂಪ್ ಬದಲಿಸಬೇಕು ಅಂದರು. ಸುಮ್ನೆ ದುಡ್ಡು ಕೊಡೋಕೆ ಮನಸ್ಸಿಲ್ಲ. ಯಾಕಂದ್ರೆ ಹೋದ ತಿಂಗಳು ಒಂದು ಗಾಜಿನ ಲೋಟ ಒಳಗೇ ಒಡೆದಿತ್ತು. ಅದರ ಚೂರು ಪಂಪಿನ ರೆಕ್ಕೆಗೆ ಸಿಕ್ಕಿರಬಹುದು ಅಲ್ವಾ?

ಫಿಲ್ಟರ್ ಕೆಳಗಿನ ಗುಂಡಿಯಲ್ಲಿ ಪಂಪಿನ ಸಣ್ಣ ಮುಚ್ಚಳ ಕಾಣುತ್ತಿದೆ. ಪ್ಲಗ್ ಕಿತ್ತು, ನೀರನ್ನು ಸ್ಪಂಜಿನಿಂದ ತೆಗೆದು, ದಪ್ಪ ಕೈಗವಸು ಹಾಕಿಕೊಂಡು ತೆಗೆಯೋಣ ಅಂತಿದ್ದೇನೆ. ಎಳೆದರೆ ಅಲ್ಲಾಡುತ್ತಿಲ್ಲ, ಮುರಿದೀತು ಅಂತ ಭಯ. ಮನೆಯಲ್ಲೇ ತೆಗೆದವರು ಇದ್ದರೆ ಹೇಗೆ ಅಂತ ಹೇಳಿ.

ಇನ್ನೊಂದು, ನಮ್ಮದು ಬೋರ್‌ವೆಲ್ ನೀರು. ಡಿಶ್‌ವಾಶರ್ ಉಪ್ಪು ತುಂಬಿದ್ದರೂ ಲೋಟಗಳ ಮೇಲೆ ಬಿಳಿ ಪೊರೆ ಕೂರುತ್ತಿದೆ. ಗಡಸು ನೀರಿನ ಸೆಟ್ಟಿಂಗ್ ಜಾಸ್ತಿ ಮಾಡಿದರೆ ಸಾಕಾ?