ಹೊರಗಿಂದ ಬರೋ ಸುವಾರ್ತಿಕರಿಗೆ ಕಾಣಿಕೆ ಹೇಗೆ ಕೊಡ್ತೀರಿ? ನಾನು ಒಂದು ತಪ್ಪು ಮಾಡಿದೀನಿ ಅನ್ಸುತ್ತೆ

ಹೊಸ ಖಜಾಂಚಿ:

ಎಲ್ರಿಗೂ ಪ್ರೈಸ್ ದ ಲಾರ್ಡ್. ನಮ್ದು ಚಿಕ್ಕ ಸಭೆ (ಚರ್ಚು), ಈ ವರ್ಷ ಖಜಾಂಚಿ ಕೆಲ್ಸ ನನ್ನ ತಲೆಗೆ ಕಟ್ಟಿದಾರೆ, ಬೇಡ ಬೇಡ ಅಂದ್ರೂ ಬಿಡ್ಲಿಲ್ಲ. ಹೋದ ತಿಂಗಳು ಮೂರು ದಿನ ಉಜ್ಜೀವನ ಕೂಟ ಇಟ್ಟಿದ್ವಿ, ದೂರದಿಂದ ಒಬ್ರು ಸುವಾರ್ತಿಕರು ಬಂದಿದ್ರು, ಯಾವ ಸಂಸ್ಥೆಗೂ ಸೇರಿಲ್ಲ, ಸಂಬಳ ಅಂತ ಏನೂ ಇಲ್ಲ, ಕರೆದ ಕಡೆ ಹೋಗಿ ಸಂದೇಶ ಕೊಡೋದೇ ಅವ್ರ ಸೇವೆ. ಕೊನೇ ದಿನ ಪಾಸ್ಟರು "ಇವತ್ತಿನ ಕಾಣಿಕೆ ಪೂರ್ತಿ ದೇವರ ಸೇವಕರಿಗೆ" ಅಂತ ಮೈಕಲ್ಲೇ ಹೇಳಿ ಚೀಲ ಕಳಿಸಿದ್ರು, ಜನ ಕೈಬಿಚ್ಚಿ ಹಾಕಿದ್ರು.

ಒಳಗಡೆ ರೂಮಲ್ಲಿ ಎಣಿಸಿದಾಗ ಕಮಿಟಿಯ ಒಬ್ರು "ಅಬ್ಬಾ ಇಷ್ಟೊಂದಾ, ಪೆಂಡಾಲ್‌ದು ಮೈಕ್ ಸೆಟ್‌ದು ಬಾಕಿ ಇದೆಯಲ್ಲ, ಅರ್ಧ ಇಟ್ಕೊಳ್ಳಿ, ಅವ್ರಿಗೇನು ಗೊತ್ತಾಗುತ್ತೆ" ಅಂದ್ರು. ಇನ್ನಿಬ್ರು ತಲೆಯಾಡಿಸಿದ್ರು. ನಾನು ಹೊಸಬ, ಬಾಯಿ ಬಿಡ್ಲಿಲ್ಲ. ಅರ್ಧ ಕವರಿಗೆ ಹಾಕಿ ಅಂಟು ಹಚ್ಚಿದ್ದು ನನ್ನ ಕೈಯೇ. ಅವ್ರು ಹೊರಡೋವಾಗ ಕೊಟ್ಟೆ, ತೆರೆದೂ ನೋಡ್ಲಿಲ್ಲ, ಬೈಬಲ್ ಮಧ್ಯ ಇಟ್ಕೊಂಡು ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋದ್ರು. ಅದೇ ಈಗ ಚುಚ್ತಾ ಇರೋದು.

ನಿಮ್ಮ ಸಭೆಗಳಲ್ಲಿ ಹೇಗೆ ಮಾಡ್ತೀರಿ? ಮೊದಲೇ ಇಷ್ಟು ಅಂತ ಫಿಕ್ಸ್ ಮಾಡ್ತೀರಾ, ಬಂದಷ್ಟು ಕೊಟ್ಬಿಡ್ತೀರಾ? ಬಸ್ ಚಾರ್ಜು ಅದ್ರಲ್ಲೇ ಬರುತ್ತಾ ಬೇರೆನಾ?

ಲೆಕ್ಕದ ಮೇಷ್ಟ್ರು:

ಬ್ರದರ್, ಮೊದಲ್ನೇ ವಿಷ್ಯ, ಅನ್ಸುತ್ತೆ ಅಲ್ಲ, ತಪ್ಪೇ ಆಗಿದೆ. ಬೇಜಾರ್ ಮಾಡ್ಕೋಬೇಡಿ, ನಾನೂ 14 ವರ್ಷ ಆ ಕುರ್ಚಿಲಿ ಕೂತು ಎದ್ದವನು. ಮೈಕಲ್ಲಿ "ಪೂರ್ತಿ ಅವ್ರಿಗೆ" ಅಂದ ಮೇಲೆ ಆ ದುಡ್ಡು ಸಭೆದೇ ಅಲ್ಲ, ಕೊಟ್ಟವ್ರು ಅವ್ರಿಗೇ ಅಂತ ಕೊಟ್ಟಿದ್ದು, ನೀವು ನಡುವೆ ಕೈ ದಾಟಿಸೋರು ಅಷ್ಟೇ. ಪೆಂಡಾಲಿಗೆ ಬೇಕಿತ್ತು ಅಂದ್ರೆ "ಕೂಟದ ಖರ್ಚಿಗೆ" ಅಂತ ಇನ್ನೊಂದು ಕಾಣಿಕೆ ಎತ್ಬೇಕಿತ್ತು, ಜನ ಅದಕ್ಕೂ ಕೊಡ್ತಿದ್ರು.

ಬೈಬಲಲ್ಲಿ 2 ಕೊರಿಂಥ 8ನೇ ಅಧ್ಯಾಯ 20, 21ನೇ ವಚನ ಓದಿ. ಯೆರೂಸಲೇಮಿನ ಬಡವರಿಗೆ ಕಾಣಿಕೆ ಸೇರಿಸೋವಾಗ ಅಪೊಸ್ತಲ ಪೌಲ ಒಬ್ನೇ ಗಂಟು ಹೊತ್ಕೊಂಡು ಹೋಗ್ಲಿಲ್ಲ, ತನ್ನ ಜೊತೆ ಸೇವೆ ಮಾಡ್ತಿದ್ದ ತೀತನ ಜೊತೆ ಇನ್ನಿಬ್ರು ಸಹೋದರರನ್ನ ಕಳಿಸ್ತಾನೆ, ಯಾರೂ ನಮ್ಮ ಮೇಲೆ ತಪ್ಪು ಹೊರಿಸ್ಬಾರ್ದು, ದೇವರ ಎದುರಿಗೂ ಮನುಷ್ಯರ ಎದುರಿಗೂ ಸರಿಯಾಗಿರ್ಬೇಕು ಅಂತ. ಹಾಗಾಗಿ ಎಣಿಸೋವಾಗ ಇಬ್ರು ಇರ್ಬೇಕು, ಒಂದೇ ಮನೆಯವ್ರಾಗಿರ್ಬಾರ್ದು, ಚೀಟಿಗೆ ಇಬ್ರೂ ಸೈನ್ ಹಾಕಿ, ಬಂದ ಮೊತ್ತ ಅದರಲ್ಲಿ ಬರೆದು ಆ ಚೀಟಿನೂ ಕವರ್ ಒಳಗೇ ಹಾಕಿ. ನಾವು ಹಾಗೆ ಶುರು ಮಾಡಿದ ಮೇಲೆ "ಅವ್ರಿಗೇನು ಗೊತ್ತಾಗುತ್ತೆ" ಅನ್ನೋ ಮಾತು ತಾನಾಗೇ ನಿಂತೋಯ್ತು 😀

ಪ್ರಯಾಣ ಬೇರೆ. ಯಾವತ್ತೂ ಬೇರೆ. ಇದು ನನ್ನ ಹೊಸ ಐಡಿಯಾ ಏನಲ್ಲ, ಅಮೆರಿಕಾದ ಮೆಥೋಡಿಸ್ಟ್ ಸಭೆಯವ್ರು ಕುದುರೆ ಮೇಲೆ ಊರೂರು ತಿರುಗೋ ಬೋಧಕರಿಗೆ 1784ರಲ್ಲಿ ವರ್ಷಕ್ಕೆ 64 ಡಾಲರ್ ಅಂತ ಇಟ್ಟಿದ್ರು, 1800ರಲ್ಲಿ ಅದನ್ನ 80 ಮಾಡಿದಾಗ ಪ್ರಯಾಣದ ಖರ್ಚು ಅದರ ಮೇಲೆ ಅಂತ ನಿಯಮದಲ್ಲೇ ಬರೆದ್ರು. ಟಿಕೆಟ್ ದುಡ್ಡು ಅವ್ರು ಹೊರಡೋಕೆ ಮುಂಚೆನೇ ಅಕೌಂಟಿಗೆ ಹೋಗ್ಲಿ. ಕಾಣಿಕೆ ಕಡಿಮೆ ಬಂದ ದಿನ ಪಾಪ ಅವ್ರೇ ಕೈಯಿಂದ ಹಾಕ್ಕೊಂಡು ಬಂದು ಸುವಾರ್ತೆ ಸಾರಿ ಹೋದಂಗಾಗ್ಬಾರ್ದು.

ಸ್ವಂತ ದುಡಿಮೆ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಯಾರಿಗಾದ್ರೂ ನೋವಾದ್ರೆ ಕ್ಷಮಿಸಿ. ಪೌಲ ಗುಡಾರ ಹೊಲಿದ, ಅಪೊಸ್ತಲರ ಕೃತ್ಯ 18ರಲ್ಲಿ ಇದೆ, ಯಾರಿಗೂ ಭಾರ ಆಗ್ಬಾರ್ದು ಅಂತ ಹಗಲು ರಾತ್ರಿ ದುಡಿದೆ ಅಂತ ಥೆಸಲೊನೀಕದವ್ರಿಗೆ ಅವ್ನೇ ಬರೀತಾನೆ. ಈಗಿನವ್ರು ಏನ್ ಮಾಡ್ತಿದಾರೆ? ಕರೆಯೋಕೆ ಫೋನ್ ಮಾಡಿದ್ರೆ ಮೊದ್ಲು ಅಸಿಸ್ಟೆಂಟ್ ಮಾತಾಡ್ತಾನೆ, ಎಷ್ಟು ಜನ ಸೇರ್ತಾರೆ, ಎಂಥ ಹೋಟ್ಲು, ಅಡ್ವಾನ್ಸ್ ಎಷ್ಟು. ಒಂದ್ಸಲ ನಾನೇ ಫೋನ್ ಮಾಡಿದ್ದೆ, ಮಾತು ಮುಗಿಯೋವರೆಗೂ ಯೇಸುವಿನ ಹೆಸರು ಬರ್ಲೇ ಇಲ್ಲ.

ದಿದಾಖೆ ಅಂತ ಒಂದು ಪುಟ್ಟ ಪುಸ್ತಕ ಇದೆ, ಸಭೆಯ ಶುರುವಿನ ಕಾಲದ್ದು, ಅದರ ಹಸ್ತಪ್ರತಿ 1873ರಲ್ಲಿ ಸಿಕ್ತು. ಅದರಲ್ಲಿ ಇಂಥ ತಿರುಗೋ ಬೋಧಕರಿಗೆ ಅಂತಲೇ ನಿಯಮ ಹಾಕಿದಾರೆ. ಬಂದವನನ್ನ ಕರ್ತನನ್ನೇ ಬರಮಾಡ್ಕೊಂಡ ಹಾಗೆ ಬರಮಾಡ್ಕೊಳ್ಳಿ, ಒಂದು ದಿನ ಇರ್ಲಿ, ಬೇಕಾದ್ರೆ ಎರಡು ದಿನ, ಮೂರನೇ ದಿನನೂ ಉಳ್ಕೊಂಡ್ರೆ ಅವ್ನು ಸುಳ್ಳು ಪ್ರವಾದಿ. ಹೊರಡೋವಾಗ ಮುಂದಿನ ತಂಗುವ ಜಾಗದವರೆಗೆ ಸಾಕಾಗೋ ರೊಟ್ಟಿ ಮಾತ್ರ, ದುಡ್ಡು ಕೇಳಿದ್ರೆ ಆಗ್ಲೂ ಸುಳ್ಳು ಪ್ರವಾದಿ. ಅಂದ್ರೆ ಈ ಕಾಯಿಲೆ ಹೊಸದಲ್ಲ ನೋಡಿ, ಆಗ್ಲೇ ಇತ್ತು, ಅದಕ್ಕೇ ಅಷ್ಟು ಕಟ್ಟುನಿಟ್ಟು.

ಸುವಾರ್ತಿಕರ ಮನೆಯಾಕೆ:

ಅಣ್ಣ, ನೀವು ಹೇಳಿದ ಥರದವ್ರು ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಫೋನಲ್ಲಿ ರೇಟ್ ಮಾತಾಡೋರು ನಾಲ್ಕು ಜನ, ಕೇಳೋಕೆ ನಾಚ್ಕೊಂಡು ಸುಮ್ನಿರೋರು ನೂರು ಜನ. ಆ ನಾಲ್ಕು ಜನರ ಸಿಟ್ಟು ಈ ನೂರು ಜನರ ಕವರ್ ಮೇಲೆ ತೀರಿಸ್ಕೋತಾರೆ.

ನಮ್ಮೆಜಮಾನ್ರು 22 ವರ್ಷದಿಂದ ಇದೇ ಸೇವೆಲಿ ಇದಾರೆ. ನನ್ನ ಹತ್ರ ಒಂದು ಡೈರಿ ಇದೆ, ಎಡಗಡೆ ಅವ್ರು ಹೋಗೋಕೆ ಆದ ಖರ್ಚು, ಬಲಗಡೆ ಬಂದ ಕಾಣಿಕೆ. ಎಷ್ಟೋ ಪುಟದಲ್ಲಿ ಎಡಗಡೆದೇ ಜಾಸ್ತಿ. ಒಂದ್ಸಲ ಕವರ್ ಕೊಟ್ಟು ಜೊತೆಗೆ ಗಾಜು ಹಾಕಿದ ದೊಡ್ಡ ನೆನಪಿನ ಫಲಕ ಬೇರೆ ಕೊಟ್ಟಿದ್ರು, ಅದನ್ನ ತೊಡೆ ಮೇಲೆ ಇಟ್ಕೊಂಡು ರಾತ್ರಿಯೆಲ್ಲಾ ಬಸ್ಸಲ್ಲಿ ಕೂತು ಬಂದ್ರು, ಒಡೆದೋದ್ರೆ ಕೊಟ್ಟವ್ರಿಗೆ ನೋವಾಗುತ್ತೆ ಅಂತ. ಬೆಳಿಗ್ಗೆ ಕವರ್ ತೆರೆದ್ರೆ ಆ ಫಲಕ ಮಾಡ್ಸಿದ ದುಡ್ಡಿಗಿಂತ ಕಡಿಮೆ ಇತ್ತು. ನನಗೆ ನಗೂನೂ ಬಂತು ಅಳೂನೂ ಬಂತು, ಅವ್ರು ಮಾತ್ರ ಗೋಡೆಗೆ ಮೊಳೆ ಹೊಡೆದು ತಗುಲಿ ಹಾಕಿದ್ರು, ಈಗ್ಲೂ ಅಲ್ಲೇ ಇದೆ.

ಪೌಲನ ಮಾತು ಬಂತಲ್ಲ. 1 ಕೊರಿಂಥ 9 ಪೂರ್ತಿ ಓದಿ ಅಣ್ಣ. ಕಣ ತುಳಿಯೋ ಎತ್ತಿನ ಬಾಯಿ ಕಟ್ಬೇಡಿ ಅಂತ ಧರ್ಮೋಪದೇಶಕಾಂಡದ ಮಾತು ಎತ್ತಿ, ಸುವಾರ್ತೆ ಸಾರೋರು ಸುವಾರ್ತೆಯಿಂದಲೇ ಜೀವನ ಮಾಡ್ಬೇಕು ಅಂತ ಕರ್ತನೇ ನೇಮಿಸಿದಾನೆ ಅಂತಾನೆ. ಆಮೇಲೆ ತಾನು ಮಾತ್ರ ಆ ಹಕ್ಕು ಬಳಸ್ಕೊಳ್ಲಿಲ್ಲ ಅಂತಾನೆ. ಬಿಟ್ಕೊಟ್ಟಿದ್ದು ಪೌಲ, ಪೌಲನ ಪರವಾಗಿ ಕೊರಿಂಥದ ಕಮಿಟಿ ಬಿಟ್ಕೊಡ್ಲಿಲ್ಲ! ಆ ಕೊರಿಂಥದಲ್ಲೇ ಇದ್ದಾಗ ಮಕೆದೋನ್ಯದಿಂದ ಬಂದ ಸಹೋದರರು ಅವನ ಕೊರತೆ ನೀಗಿಸಿದ್ರು, ಥೆಸಲೊನೀಕದಲ್ಲಿ ಇದ್ದಾಗ ಫಿಲಿಪ್ಪಿಯವ್ರು ಒಂದೆರಡು ಸಲ ಕಳಿಸಿದ್ರು. ಯೇಸುಸ್ವಾಮಿಯೂ ಊರೂರು ಸುತ್ತೋವಾಗ ಯೋಹಾನಳು, ಸುಸನ್ನಳು ಮುಂತಾದ ಹೆಣ್ಣುಮಕ್ಕಳು ತಮ್ಮ ಆಸ್ತಿಯಿಂದ ಉಪಚಾರ ಮಾಡ್ತಿದ್ರು ಅಂತ ಲೂಕ 8ರಲ್ಲಿ ಇದೆ.

ಮೇಷ್ಟ್ರು 80 ಡಾಲರ್ ಹೇಳಿದ್ರು, ಅದೇ ನಿಯಮದಲ್ಲಿ ಬೋಧಕನ ಹೆಂಡತಿಗೂ 80 ಇತ್ತು, ಏಳು ವರ್ಷದೊಳಗಿನ ಪ್ರತಿ ಮಗುಗೆ 16, ಆಮೇಲೆ ಹದಿನಾಲ್ಕರವರೆಗೆ 24. ಕುದುರೆ ಮೇಲೆ ಹೋದವನ ಹಿಂದೆ ಒಂದು ಮನೆ ಇದೆ ಅಂತ ಅವ್ರಿಗೆ ನೆನಪಿತ್ತು. ನಮ್ಮನ್ನ ಯಾರೂ "ನಿಮ್ಮ ಮಕ್ಕಳ ಫೀಸ್ ಹೆಂಗೆ" ಅಂತ ಕೇಳಿದ್ದು ನೆನಪಿಲ್ಲ.

ಕೊನೆ ಬೆಂಚು:

ಇನ್ನೊಂದು ಜಾತಿ ಇದೆ, ವೇದಿಕೆ ಮೇಲೆ ತಾವೇ ಕಾಣಿಕೆ ಎತ್ತೋರು. "ಬೀಜ ಬಿತ್ತಿ, ನೂರರಷ್ಟು ಬರುತ್ತೆ, ಇಲ್ಲಿ ಹತ್ತು ಜನ ಇದೀರಿ ಅಂತ ಆತ್ಮ ಹೇಳ್ತಿದೆ", ಹಿಂದೆ ಸ್ಕ್ರೀನಲ್ಲಿ ಕ್ಯೂಆರ್ ಕೋಡ್, ಅದೂ ಅವ್ರ ಪರ್ಸನಲ್ಲು. ಕರೆಯೋವಾಗ್ಲೇ ಹೇಳ್ಬಿಡಿ, ಕಾಣಿಕೆ ವಿಷ್ಯ ಸಭೆಯವ್ರು ನೋಡ್ಕೋತೀವಿ, ನೀವು ವಾಕ್ಯ ಮಾತ್ರ ನೋಡ್ಕೊಳ್ಳಿ ಅಂತ. ಅಮೆರಿಕಾದ ಹೆಸರಾಂತ ಸುವಾರ್ತಿಕ ಬಿಲ್ಲಿ ಗ್ರಹಾಂ ತಂಡದವ್ರು 1948ರಲ್ಲೇ ಮೊಡೆಸ್ಟೋ ಅನ್ನೋ ಊರಲ್ಲಿ ಕೂತು ಸುವಾರ್ತಿಕರು ಯಾವ್ಯಾವುದರಲ್ಲಿ ಬೀಳ್ತಾರೆ ಅಂತ ಪಟ್ಟಿ ಮಾಡಿದ್ರು, ಅದರಲ್ಲಿ ದುಡ್ಡೂ ಒಂದು. ಆದ್ರೂ 1950ರಲ್ಲಿ ಅಟ್ಲಾಂಟಾ ಕೂಟ ಮುಗಿದಾಗ ಅಲ್ಲಿನ ಪೇಪರು ಕಾಣಿಕೆ ಚೀಲಗಳ ಫೋಟೋ ಒಂದು, ಪಕ್ಕದಲ್ಲೇ ನಗ್ತಾ ಕೈ ಬೀಸ್ತಿರೋ ಗ್ರಹಾಂ ಫೋಟೋ ಒಂದು ಹಾಕ್ತು. ಆ ಅವಮಾನದ ಮೇಲೆ ಸುವಾರ್ತಿಕರಿಗೆ ಅಂತ ಕೂಟದಲ್ಲಿ ಎತ್ತೋ ಪ್ರೀತಿ ಕಾಣಿಕೆಯೇ ಬೇಡ ಅಂತ ಬಿಟ್ಟು ತಮ್ಮ ಸಂಸ್ಥೆಯಿಂದ ಗೊತ್ತಾದ ಸಂಬಳಕ್ಕೆ ಬಂದ್ರು.

ಸ್ವಂತ ದುಡಿಮೆ:

ಅಕ್ಕ, ಫಲಕದ ವಿಷ್ಯ ಓದಿ ಸುಮ್ನಾದೆ. ನಾವೂ ಒಬ್ರಿಗೆ ಅಂಥದ್ದೇ ಕೊಟ್ಟಿದೀವಿ, ಡಿಸೈನ್ ಆರಿಸಿದ್ದು ನಾನೇ. ಆದ್ರೂ ರೇಟ್ ಹೇಳೋರಿಗೆ ಮಾತ್ರ ನನ್ನ ಸಪೋರ್ಟ್ ಇಲ್ಲ, ಅದು ಹಾಗೇ ಇರ್ಲಿ.

ಹೊಸ ಖಜಾಂಚಿ:

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಪಾಸ್ಟರ್ ಹತ್ರ ಇದ್ದದ್ದು ಇದ್ದಂಗೆ ಹೇಳ್ದೆ. ಅವ್ರಿಗೆ ಗೊತ್ತೇ ಇರ್ಲಿಲ್ಲ, ಕೇಳಿ ಮುಖ ಕೆಂಪಾಯ್ತು. ಇವತ್ತು ಮಧ್ಯಾಹ್ನ ಉಳಿದ ಅರ್ಧ ಸುವಾರ್ತಿಕರ ಅಕೌಂಟಿಗೆ ಹಾಕಿದ್ವಿ, ಬಸ್ ಚಾರ್ಜೂ ಸೇರಿಸಿ. ಪೆಂಡಾಲಿನ ಬಾಕಿಗೆ ಮುಂದಿನ ಭಾನುವಾರ ಬೇರೆ ಕಾಣಿಕೆ ಎತ್ತೋದು ಅಂತ ಆಯ್ತು, ಕಮಿಟಿಯ ಆ ಬ್ರದರ್ ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ. ನಾನೇ ಸುವಾರ್ತಿಕರಿಗೆ ಫೋನ್ ಮಾಡಿ ಅರ್ಧ ಹಿಡಿದಿದ್ವಿ ಅಂತ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ "ನನ್ನ ಸಂದೇಶ ಅನುವಾದ ಮಾಡಿದ ತಮ್ಮನಿಗೆ ಏನಾದ್ರೂ ಕೊಟ್ರಾ?" ಅಂದ್ರು. ಕೊಟ್ಟಿಲ್ಲ! ಮೂರು ದಿನ ಅವ್ರ ಪಕ್ಕ ನಿಂತು ಗಂಟಲು ಕಟ್ಟೋವರೆಗೂ ಕೂಗಿದಾನೆ ಹುಡ್ಗ, ನಮ್ಮ ಸಭೆಯವ್ನೇ ಅಂತ ಯಾರಿಗೂ ಹೊಳೀಲೇ ಇಲ್ಲ. ಅವ್ನಿಗೆ ಯಾವ ಲೆಕ್ಕದಿಂದ ಕೊಡ್ಬೇಕು ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು:

ಕೂಟದ ಖರ್ಚಿಂದ. ಕಾಣಿಕೆ ಕವರಿಗೆ ಕೈ ಹಾಕ್ಬೇಡಿ ಮತ್ತೆ 😀 ವೋಚರ್ ಬರೆದು ಅವನ ಸೈನ್ ತಗೊಳ್ಳಿ.