ಜೊಳ್ಳಿಗೂ ತೂಕ ಬೇಕ್ರೀ

ಹುಬ್ಬಳ್ಳಿ ದುರ್ಗದಬೈಲಿನಾಗ ಸಂಜೀಮುಂದ ಮಿರ್ಚಿ ಎಣ್ಣಿಗೆ ಬೀಳೋ ಸದ್ದಿನ ನಡುವ ಬಸ್ಯಾ ಘೋಷಣಾ ಮಾಡಿದ.

"ಇವತ್ತಿಂದ ಗೂಗಲ್ಲಿಗೆ ಹುಚ್ಚು ಹಿಡಸ್ತೀನಿ. ದಿನಾ ನೂರು ಸಲ ಹುಡುಕ್ತೀನಿ. ಒಂಟಿ ಹಾಲು, ಹಡಗಿನ ಲಂಗರು, ನಾರ್ವೆದಾಗ ಬಾಡಿಗಿ ಮನಿ. ನಾ ಯಾರಂತನ ಅದಕ್ಕ ತಿಳೀಬಾರದು."

"ತಿಳೀತದ," ಅಂದ್ರು ಮಾಸ್ತರು. "ಬಸವರಾಜಗ ಉದ್ಯೋಗಿಲ್ಲ ಅಂತ ತಿಳೀತದ."

ಸುಮಕ್ಕ ಗಿರಮಿಟ್ಟಿನ ಮ್ಯಾಲಿನ ಉಳ್ಳಾಗಡ್ಡಿ ಬದಿಗೆ ಸರಿಸಿದಳು. "ಖರೇ ಹುಡುಕಾಟದಾಗ ಸುಳ್ಳಿನ ಜೊಳ್ಳು ಬೆರಸೋದು ತಪ್ಪಲ್ಲ ಬಸು. ಆದ್ರ ನಿಂದು ಭಾಳ ಹಗೂರ ಜೊಳ್ಳು. ರಾಶಿ ಮಾಡುಮುಂದ ತೂರಿದ್ರ ಹೊಟ್ಟು ಆ ಕಡೆ, ಕಾಳು ಈ ಕಡೆ ಬೀಳ್ತಾವಲ್ಲ? ಗೂಗಲ್ಲಿನವರ ಹತ್ರ ಇರೋ ಗಾಳಿ ಕಪ್ಪತಗುಡ್ಡದ ಗಾಳಿಗಿಂತ ಜೋರೈತಿ."

"ಒಂಟಿ ಹಾಲು ಹೆಂಗ ಹಗೂರ?"

"ಒಮ್ಮೆ ಹುಡುಕ್ತಿ, ಬಂದದ್ದನ್ನ ತೆಗದ ನೋಡೂದಿಲ್ಲ. ಮರುದಿನ ಒಂಟಿ ಸುದ್ದೀನ ಇಲ್ಲ. ಖರೇ ಒಂಟಿ ಬೇಕಾದಾಂವ ರೇಟ್ ಕೇಳ್ತಾನ, ಎಲ್ಲಿ ಸಿಗತೈತಿ ಅಂತಾನ, ನಾಕು ದಿನ ಅದರ ಬೆನ್ನ ಹತ್ತತಾನ. ಈಗ 1943 ನೋಡು. ಜುಲೈನಾಗ ಇಂಗ್ಲಿಷರ ವಿಮಾನ ಹ್ಯಾಂಬರ್ಗ್ ಮ್ಯಾಲ ಹೋಗುಮುಂದ, ರೇಡಾರಿನ ಕಣ್ಣಿಗೆ ಮಣ್ಣೆರಚಾಕ, ಅಲ್ಯೂಮಿನಿಯಂ ಹಾಳಿ ಅಂಟಿಸಿದ ಕಾಗದದ ಪಟ್ಟಿ ಸುರುವಿದ್ರು. ಜರ್ಮನ್ನರ ರೇಡಾರಿನ ಅಲಿ ಉದ್ದ ಸುಮಾರು 53 ಸೆಂಟಿಮೀಟರ್. ಪಟ್ಟಿ ಕತ್ತರಿಸಿದ್ದು ಸುಮಾರು 27. ಅಲಿಯ ಅರ್ಧ ಇದ್ರ ಪಟ್ಟಿ ರೇಡಾರಿಗೆ ಗಟ್ಟಿ ಮಾರ್ದನಿ ಕೊಡ್ತೈತಿ. ಮನಸ್ಸಿಗೆ ಬಂದಂಗ ಕತ್ತರಿಸಿದ್ರ ಬರೇ ಕಸ."

"ಅಂದ್ರ ಒಂಟಿ ಅಳತಿ ತಪ್ಪು," ಅಂದ ಬಸ್ಯಾ, ಮಿರ್ಚಿ ತೊಟ್ಟು ಮಾಸ್ತರ ತಾಟಿಗೆ ಎಸೀತಾ.

"ಇಂಥಾ ಜೊಳ್ಳು ಬೆರಸಾಕ ಟ್ರ್ಯಾಕ್‌ಮಿನಾಟ್ ಅಂತ 2006ರಾಗ ಒಂದು ಬ್ರೌಸರ್ ಎಕ್ಸ್‌ಟೆನ್ಷನ್, ಅಂದ್ರ ಬ್ರೌಸರಿಗೆ ಜೋಡಿಸೋ ಸಣ್ಣ ಪ್ರೋಗ್ರಾಂ, ಬಂತು. ಹಿಂದಿನಿಂದ ತಾನ ಸುಳ್ಳು ಹುಡುಕಾಟ ಕಳಸ್ತೈತಿ. ಆದ್ರ 2010ರಾಗ ಸಂಶೋಧಕರು ತೋರಿಸಿಬಿಟ್ರು. ಒಬ್ಬನ ಹಳೇ ಹುಡುಕಾಟ ಕೈಯಾಗಿದ್ರ ಯಂತ್ರಕಲಿಕೆ ಹಚ್ಚಿ ಸುಳ್ಳು-ಖರೆ ಬ್ಯಾರೆ ಮಾಡಬಹುದು ಅಂತ. ಅದಕ್ಕ ಹಾಕಿದ ಮ್ಯಾಲ ಸುಮ್ಮನ ಬಿಡಬಾರದು. ಮೊದಲು ಅದು ಸುಳ್ಳು ಹುಡುಕಾಟದ ಶಬ್ದ ಆರಿಸೋ ಸುದ್ದಿ ಫೀಡ್ ಬದಲಿಸು. ಇಂಗ್ಲಿಷ್ ಪೇಪರಿನ ಫೀಡ್ ಇದ್ರ, ದಿನಾ ಕನ್ನಡದಾಗ ಮೆಣಸಿನಕಾಯಿ ಧಾರಣಿ ಹುಡುಕೋ ಮನಿಶಾ ಒಮ್ಮೆಲೆ ಅಮೆರಿಕಾದ ಬೇಸ್‌ಬಾಲ್ ಕೇಳಿದಂಗ ಆಕ್ಕೈತಿ. ನೀ ಓದೋ ಪತ್ರಿಕಿ ಫೀಡ್ ಹಾಕು. ಎರಡನೇದ್ದು, ನೀ ಖರೇ ಹುಡುಕಿದಾಗ ಅದರ ಆಜೂಬಾಜೂ ಸುಳ್ಳು ಕಳಸೋ ಸೆಟ್ಟಿಂಗ್ ಐತಿ, ಅದನ್ನ ಚಾಲೂ ಮಾಡು. ಇಲ್ಲಂದ್ರ ರಾತ್ರಿ ಮೂರಕ್ಕ ನೀ ಗೊರಕಿ ಹೊಡಿಯುಮುಂದ ಕಂಪ್ಯೂಟರ್ ಹುಡುಕತಿರತೈತಿ. ಬ್ಯಾಡಾದ ಶಬ್ದದ ಪಟ್ಟೀನೂ ತುಂಬು, ಬಾಂಬು-ಗೀಂಬು ನಿನ್ನ ಹೆಸರಲೇ ಹೋಗಬಾರದು. ವೇಗ ಭಾಳ ಇಟ್ರ ಗೂಗಲ್ 'ನೀ ಮನುಷ್ಯಾನ ಹೌದಾ' ಅಂತ ಟ್ರಾಫಿಕ್ ಸಿಗ್ನಲ್ ಚಿತ್ರ ಹಿಡಕೊಂಡು ಕೂಡತೈತಿ."

"ಲಾಗಿನ್ ಆಗೇ ಮಾಡಿದ್ರ?" ಮಾಸ್ತರು ಕೇಳಿದ್ರು.

"ಎಲ್ಲಾ ಒಂದ ಖಾತೆ ಪುಸ್ತಕದಾಗ ಬರಕೊಂಡಂಗ. ಯೂಟ್ಯೂಬ್ ನಿಮಗ ಒಂಟಿ ವೈದ್ಯ ತೋರಸ್ತೈತಿ, ಅಷ್ಟ ಲಾಭ."

ಬಸ್ಯಾ ಎದ್ದ ಕುಂತ. "ಜಾಹೀರಾತು ಕಂಡಲ್ಲೆಲ್ಲಾ ಒತ್ತಿಬಿಟ್ರ?"

"ಅದಕ್ಕೂ ಐತಿ. ಆಡ್‌ನಾಸಿಯಂ, 2014ರದ್ದು. ಜಾಹೀರಾತು ತಡಿಯೋ ಯುಬ್ಲಾಕ್ ಆರಿಜಿನ್ ಅನ್ನೋ ಎಕ್ಸ್‌ಟೆನ್ಷನ್ ಮ್ಯಾಲ ಕಟ್ಯಾರ. ಜಾಹೀರಾತು ನಿನಗ ಕಾಣೂದಿಲ್ಲ, ಒಳಗ ಅದನ್ನ ತಾನ ಕ್ಲಿಕ್ ಮಾಡ್ತೈತಿ. ಸೀರಿ, ಟ್ರ್ಯಾಕ್ಟರ್, ಕೂದಲೆಣ್ಣಿ ಎಲ್ಲಾ ನಿನಗ ಬೇಕು ಅಂದಂಗ. 2017ರ ಜನವರಿಯಾಗ ಗೂಗಲ್ ತನ್ನ ಕ್ರೋಮ್ ಅಂಗಡಿಯಿಂದ ಹೊರಗ ಹಾಕ್ತು. ಫೈರ್‌ಫಾಕ್ಸಿಗೆ ಸಿಗತೈತಿ. ಬ್ಯಾರೆ ಆಡ್‌ಬ್ಲಾಕರ್ ಜೋಡಿ ಹಾಕಬ್ಯಾಡ. ಅದು ಮೊದಲ ತಡದ್ರ ಇದಕ್ಕ ಒತ್ತಾಕ ಏನೂ ಉಳಿಯೂದಿಲ್ಲ. ಎಲ್ಲಾದಕ್ಕೂ ಒತ್ತು ಅಂತ ಬಿಟ್ರ ಯಂತ್ರ ಅಂತ ತಕ್ಷಣ ಸಿಗತೈತಿ, ಎಷ್ಟು ಸಲ ಒತ್ತಬೇಕನ್ನೋದನ್ನ ಇಳಿಸಿ ಇಡು."

"ಆ ಕ್ಲಿಕ್ಕಿಗೆ ರೊಕ್ಕ ಯಾರು ಕೊಡ್ತಾರವಾ?" ಮಾಸ್ತರು ಚಶ್ಮಾ ಏರಿಸಿದ್ರು. "ಯಾವುದೋ ಸಾವಜಿ ಖಾನಾವಳಿಯಾಂವ ದಿನಕ್ಕ ಇನ್ನೂರು ರೂಪಾಯಿ ಜಾಹೀರಾತಿಗೆ ಇಟ್ಟಿರ್ತಾನ. ನೀವು ಒತ್ತಿ ಒತ್ತಿ ಅದನ್ನ ಖಾಲಿ ಮಾಡಿದ್ರ ಅಂವ ನಿಮಗೇನು ಮಾಡ್ಯಾನ?"

"ಗಂಟು ಇಲ್ಲೇ ಐತ್ರಿ. ಸುಳ್ಳು ಕ್ಲಿಕ್ ಅಂತ ಗೂಗಲ್ಲಿಗೆ ತಿಳದ್ರ ಅದಕ್ಕ ರೊಕ್ಕ ಹಿಡಿಯೂದಿಲ್ಲ, ಖಾನಾವಳಿ ಬಚಾವ್. ಆದ್ರ ತಿಳೀತಂದ್ರ ನಮ್ಮ ಜೊಳ್ಳು ತೂರಿ ಹೋತು. ತಿಳೀಲಿಲ್ಲಂದ್ರ ಜೊಳ್ಳು ಗೆದ್ದೈತಿ, ಖಾನಾವಳಿಯಾಂವ ಸೋತಾನ. ಎರಡೂ ಒಮ್ಮೆ ಆಗೂದಿಲ್ಲ. ನನ್ನ ಕೇಳಿದ್ರ, ತಡಿಯೋದು ಸಾಕು, ಒತ್ತೋದು ಬ್ಯಾಡ."

"ಮಿರ್ಚಿ ತಿನ್ನು ಅಂತ ಕರದು ಬರೇ ವಾಸನಿ ಕುಡಿ ಅಂದಂಗಾತು," ಅಂದ ಬಸ್ಯಾ.

"ನಿನಗ ಒತ್ತಾಕ ಬ್ಯಾರೆ ಗುಂಡಿ ಕೊಡ್ತೀನಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್ ತೆಗಿ, ಗೂಗಲ್ ಒತ್ತು, ಆಡ್ಸ್‌ಗೆ ಹೋಗು. ಅಲ್ಲಿ ಅಡ್ವರ್ಟೈಸಿಂಗ್ ಐಡಿ ಡಿಲೀಟ್ ಅಂತಿರತೈತಿ. ಒತ್ತಿದ್ರ ಆ್ಯಪ್‌ಗಳು ನಿನ್ನ ಫೋನ್ ಗುರುತಿಸೋ ಆ ಜಾಹೀರಾತು ನಂಬರ್ ಕೇಳಿದಾಗ ಬರೇ ಸೊನ್ನಿ ಸಾಲು ಸಿಗತೈತಿ."

ಬಸ್ಯಾ ಒತ್ತಿದ. "ಹಂಗಾರ ನಾ ಈಗ ಸೊನ್ನಿ."

"ಹೊಸದೇನಲ್ಲ ಬಿಡು," ಅಂದ್ರು ಮಾಸ್ತರು.

"ಇಷ್ಟೆಲ್ಲಾ ಮಾಡಿದ್ರೂ ಬ್ರೌಸರಿನ ಬೆರಳಚ್ಚು ಉಳದಿರತೈತಿ. ಪರದೆ ಅಳತಿ, ಫಾಂಟ್ ಪಟ್ಟಿ, ಗ್ರಾಫಿಕ್ಸ್ ಚಿಪ್ಪು, ಗಡಿಯಾರದ ವಲಯ, ಎಲ್ಲಾ ಕೂಡಿಸಿದ್ರ ಒಂದು ಚಹರೆ. ಅಂತರ್ಜಾಲದ ಹಕ್ಕಿಗೆ ಹೋರಾಡೋ ಅಮೆರಿಕಾದ ಇಎಫ್‌ಎಫ್ ಸಂಸ್ಥೆ 2010ರಾಗ ಸುಮಾರು 4,70,000 ಬ್ರೌಸರ್ ನೋಡಿದಾಗ 83.6% ಇನ್ನೊಂದರಂಗ ಇರಲೇ ಇಲ್ಲ. ಅವರ 'ಕವರ್ ಯುವರ್ ಟ್ರ್ಯಾಕ್ಸ್' ಪುಟದಾಗ ನಿಂದನ್ನೂ ನೋಡಬಹುದು. ನುಡಿ, ಬರಹ ಅಂತ ಹತ್ತಿಪ್ಪತ್ತು ಕನ್ನಡ ಫಾಂಟ್ ತುಂಬಿದ ಕಂಪ್ಯೂಟರ್ ಜಗತ್ತಿನ ಸಂತ್ಯಾಗ ಪ್ಯಾಟಗಾ ಸುತ್ತಿದಾಂವನಂಗ ದೂರದಿಂದ ಕಾಣತೈತಿ."

"ತೆಗದ ಒಗಿಲೇನು ನುಡಿ?" ಮಾಸ್ತರಿಗೆ ಸಿಟ್ಟು ಬಂತು.

"ಬ್ಯಾಡ್ರೀ. ಬರಿಯಾಕ ಅದನ್ನ ಇಟ್ಕೊಳ್ರಿ, ಅಡ್ಡಾಡಾಕ ಬ್ಯಾರೆ ಬ್ರೌಸರ್. ಟಾರ್ ಅನ್ನೋ ಬ್ರೌಸರ್ ಎಲ್ಲಾರಿಗೂ ಒಂದ ಸಮವಸ್ತ್ರ ಹಾಕ್ತೈತಿ, ಯಾರ ಯಾರಂತ ತಿಳಿಯೂದಿಲ್ಲ. ಬ್ರೇವ್ ಬ್ರೌಸರ್ ಉಲ್ಟಾ. ಪ್ರತಿ ಸೈಟಿಗೆ, ಪ್ರತಿ ಸಲ ಚಹರೆ ತುಸು ತಿದ್ದಿ ತೋರಸ್ತೈತಿ. ಆದ್ರ ನೀನ ಕೈಯಿಂದ 'ನಾ ಐಫೋನ್' ಅಂತ ಸುಳ್ಳು ಹಾಕಿದ್ರ, ಪರದೆ ಹದಿನೈದು ಇಂಚು, ಚಿಪ್ಪು ಕಂಪ್ಯೂಟರಿಂದು. ಧೋತರದ ಮ್ಯಾಲ ಟೈ ಕಟ್ಟಿದಂಗ. ಊರಾಗ ನೀ ಒಬ್ಬಾಂವನ."

ಬಸ್ಯಾನ ತಲಿ ಫೋನ್ ನಂಬರಿಗೆ ಹಾರಿತು. "ಅಂಗಡಿಯಾಗ ಬಿಲ್ ಮಾಡುಮುಂದ ನಂಬರ್ ಕೇಳ್ತಾರ. ಬಾಯಿಗೆ ಬಂದ ಹತ್ತಂಕಿ ಹೇಳಿಬಿಡ್ತೀನಿ."

"ಅದೊಂದು ಮಾಡಬ್ಯಾಡ. ಆರರಿಂದ ಒಂಬತ್ತರೊಳಗ ಚಾಲೂ ಆಗೋ ಹತ್ತಂಕಿ ಯಾರದರ ಇರಬಹುದು. ನಿನ್ನ ಜೊಳ್ಳು ಪಾಪ ಯಾರದೋ ಅಂಗಳದಾಗ ಬೀಳತೈತಿ. ಕೊಡೂದಿಲ್ಲ ಅನ್ನು, ಸಾಕು. 2023ರ ಮೇದಾಗ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ನಂಬರಿಗೆ ಒತ್ತಾಯ ಮಾಡಬ್ಯಾಡ್ರಿ ಅಂತ ಅಂಗಡಿಯವರಿಗೆ ಸೂಚನಾ ಕೊಟ್ಟೈತಿ. ಇಮೇಲ್‌ನಾಗ ಬೇಕಾದಷ್ಟು ಆಡು. ಜಿಮೇಲ್ ಹೆಸರಾದ ಮ್ಯಾಲ, @ಕ್ಕಿಂತ ಮೊದಲ, ಪ್ಲಸ್ ಹಾಕಿ ಅಂಗಡಿ ಹೆಸರು ಬರದ್ರ ನಿನ್ನ ವಿಳಾಸ ಯಾರು ಮಾರಿದ್ರು ಅಂತ ಹಿಡೀಬಹುದು, ಆದ್ರ ಪ್ಲಸ್ ಕಿತ್ತು ಒಗಿಯೋದು ಒಂದು ಸಾಲಿನ ಕೆಲಸ. ಫೈರ್‌ಫಾಕ್ಸ್ ರಿಲೇದಾಗ ಕೆಲವು ಮುಖವಾಡದ ವಿಳಾಸ ಪುಕ್ಕಟೆ, ಅಲ್ಲಿಗೆ ಬಂದ ಪತ್ರ ನಿನ್ನ ಖರೇ ಇಮೇಲಿಗೆ ದಾಟಸ್ತೈತಿ. ಖಾತೆ ತೆಗದ ಮ್ಯಾಲ ಮುಖವಾಡ ಅಳಿಸಿದ್ರ ಪಾಸ್‌ವರ್ಡ್ ಮರತಾಗ ಬಾಗಲಾ ಮುಚ್ಚಿತಂತನ."

"ಬ್ಯಾಂಕಿಗೂ ಹುಟ್ಟಿದ ದಿನ ಸುಳ್ಳು ಹೇಳ್ಲೇನು?"

"ಹೇಳಿ ನೋಡು," ಅಂದ್ರು ಮಾಸ್ತರು, ಕಾಯ್ದೆ ಅಂದ್ರ ಅವರ ದನಿ ಏರ್ತದ. "2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 15ನೇ ಕಲಂ ಓದು. ಇನ್ನೊಬ್ಬನ ವೇಷ ಹಾಕಬಾರದು, ಸರ್ಕಾರಿ ಗುರುತಿನ ಕಾಗದಕ್ಕ ಮಾಹಿತಿ ಮುಚ್ಚಿಡಬಾರದು ಅಂತದ. ತಪ್ಪಿದ್ರ 10,000 ರೂಪಾಯಿ ತನಕ ದಂಡ ಅಂತ ಕಾಯ್ದೆದಾಗ ಬರದಾರ. ಲಾಡ್ಜಿನವರು ಆಧಾರ್ ಕೇಳಿದ್ರ ಕಡೀ ನಾಕಂಕಿ ಅಷ್ಟ ಕಾಣೋ ಮಾಸ್ಕ್ಡ್ ಆಧಾರ್ ಕೊಡು. ಅದು ಸುಳ್ಳೂ ಅಲ್ಲ, ಪೂರಾನೂ ಅಲ್ಲ."

ಮಿರ್ಚಿ ಅಂಗಡಿ ಕಾಕಾ ಲೆಕ್ಕಕ್ಕ ಬಂದ್ರು. ಬಸ್ಯಾ ಮಾಸ್ತರ ಕಡೆ ಕಣ್ಣು ಹೊಡದು ಶುರು ಮಾಡಿದ. "ಕಾಕಾ, ಮೊದಲ ಮೂರು ಹೇಳಿದ್ವಿ, ಆಮ್ಯಾಲ ಹನ್ನೊಂದು, ಅದರಾಗ ಎಂಟು ಬ್ಯಾಡಂದ್ವಿ, ಎರಡು ಪಾರ್ಸೆಲ್ ಅಂದಿದ್ವಿ, ಅದನ್ನೂ..."

ಕಾಕಾ ತಾಟಿನ ಕಡೆ ನೋಡಿದ್ರು. "ತೊಟ್ಟು ಒಂಬತ್ತು ಬಿದ್ದಾವ ತಮ್ಮಾ. ಮಾಸ್ತರು ಎರಡು ತಿಂದಾರ, ಅಕ್ಕಾರು ಎರಡು."

"ತೊಟ್ಟು ನುಂಗಬೇಕಿತ್ತಲೇ," ಅಂದಳು ಸುಮಕ್ಕ. ಬಸ್ಯಾ ಕಿಸೆಕ್ಕ ಕೈ ಹಾಕಿದ.